ಹೆಸರಿಲ್ಲದ ಗಾಡಿಯ ಹಳದಿ ಗೆರೆ

"ಕ್ಲಚ್ ಬಿಡಬೇಡಿ ಮೇಡಂ! ಬಿಡಬೇಡಿ... ಅಯ್ಯೋ!"

ಅವಳು ಬಿಟ್ಟೇಬಿಟ್ಟಳು.

ಗಾಡಿ ಕಪ್ಪೆಯಂತೆ ಮುಂದಕ್ಕೆ ಜಿಗಿದು, ಎಡಕ್ಕೆ ವಾಲಿ, ಧೊಪ್ಪೆಂದು ನೆಲಕ್ಕೆ ಬಿತ್ತು. ಗಾಡಿಯ ಜೊತೆ ಅವಳೂ. ಶೋರೂಮಿನ ಹಿಂದಿನ ಅಂಗಳದ ಧೂಳೆಲ್ಲ ಎದ್ದು ಅವಳ ಬಾಯೊಳಗೇ ಬಂದಂತಾಯಿತು.

ಎರಡು ಕೈಗಳು ಓಡಿ ಬಂದವು. ಆದರೆ ಅವಳನ್ನು ಎಬ್ಬಿಸಲಿಲ್ಲ. ಮೊದಲು ಇಂಜಿನ್ ಆಫ್ ಮಾಡಿದವು!

"ರೀ, ಮನುಷ್ಯರು ಬಿದ್ದಿದಾರೆ ಇಲ್ಲಿ! ನಿಮಗೆ ಗಾಡಿನೇ ಹೆಚ್ಚಾಯ್ತಾ?"

"ಹಿಂದಿನ ಚಕ್ರ ಇನ್ನೂ ತಿರುಗ್ತಿತ್ತು ಮೇಡಂ. ನಿಮ್ಮ ಕಾಲು ಅದರ ಪಕ್ಕದಲ್ಲೇ ಇತ್ತು."

ಅವಳು ತನ್ನ ಕಾಲನ್ನು ನೋಡಿಕೊಂಡಳು. ನಿಜ. ಒಂದು ಗೇಣಿನಷ್ಟು ದೂರದಲ್ಲಿ ಚಕ್ರ ಈಗ ತಾನೇ ನಿಲ್ಲುತ್ತಿತ್ತು.

ಕೋಪ ಬಂದಾಗ ಅವಳ ಮೂಗಿನ ತುದಿ ಕೆಂಪಾಗುತ್ತದೆ. ಅದು ಅವಳೊಬ್ಬಳಿಗೆ ಗೊತ್ತಿಲ್ಲ, ನೋಡಿದವರಿಗೆಲ್ಲ ಗೊತ್ತು. ಅವನೂ ನೋಡಿದ. ನಗು ತಡೆದುಕೊಂಡು ಕೈ ಚಾಚಿದ.

ಅವಳು ಕೈ ಹಿಡಿಯಲಿಲ್ಲ. ತಾನೇ ಎದ್ದಳು. ಎದ್ದವಳು ತೂರಾಡಿ ಅವನ ತೋಳನ್ನೇ ಹಿಡಿದುಕೊಂಡಳು! ಗ್ರೀಸು ಮೆತ್ತಿದ ಆ ತೋಳು ಕಂಬದ ಹಾಗೆ ನಿಂತಿತ್ತು. ಎದೆಯೊಳಗೆ ಏನೋ ಒಂದು ಸಣ್ಣಗೆ ಅದುರಿತು... ಬಿದ್ದ ಗಾಬರಿ ಇರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಗಾಬರಿಯಲ್ಲ ಅದು. ಆದರೆ ಅದನ್ನು ಒಪ್ಪಿಕೊಳ್ಳಲು ಅವಳಿಗೆ ಇನ್ನೂ ಸಮಯ ಬೇಕಿತ್ತು.

ಅವಳ ಕೆಲಸ ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆಯುವುದು. ಲ್ಯಾಬಿನವರು ಕೊಟ್ಟ ಚೀಲ ಹೆಗಲಿಗೆ ಹಾಕಿಕೊಂಡು, ಬೆಳಿಗ್ಗೆ ಜನ ತಿಂಡಿ ತಿನ್ನುವ ಮೊದಲೇ ಬೀದಿ ಬೀದಿ ಸುತ್ತಬೇಕು. ರೋಗಿಗಳೆಲ್ಲ ಅವಳನ್ನು ಕರೆಯುವುದು 'ಸೂಜಿ ಮೇಡಂ' ಎಂದು. ಬಸ್ಸಿಗೆ ಕಾದು, ನಡೆದು, ಓಡಿ ಸಾಕಾಗಿಹೋಗಿತ್ತು. ಒಂದು ಗಾಡಿ ಬೇಕೇಬೇಕಿತ್ತು. ಕೈಗೆಟಕುವಂಥದ್ದು ಇದೊಂದೇ ಶೋರೂಮಿನಲ್ಲಿ ಇತ್ತು. ಎಲ್ಲಿಂದಲೋ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ, ಯಾರೂ ಹೆಸರು ಕೇಳಿರದ ಕಂಪನಿಯ ಗಾಡಿಗಳು.

ಆ ಬಿಡಿಭಾಗಗಳನ್ನು ಜೋಡಿಸಿ ಗಾಡಿ ಮಾಡುವ ಫಿಟ್ಟರ್ ಅವನು. ಜೊತೆಯವರು ಅವನಿಗಿಟ್ಟ ಹೆಸರು 'ಇನ್ನೊಂದ್ಸಲ'. ಯಾವ ಗಾಡಿ ಮುಗಿದರೂ "ತಡೀರಿ, ಇನ್ನೊಂದ್ಸಲ ನೋಡ್ತೀನಿ" ಎನ್ನದೆ ಬಿಟ್ಟವನಲ್ಲ.

"ನಿಜ ಹೇಳಿ," ಅವಳು ಧೂಳು ಕೊಡವಿಕೊಳ್ಳುತ್ತಾ ಕೇಳಿದಳು. "ನನ್ನಂಥ ಹೊಸಬರು ಈ ಗಾಡಿ ತಗೋಬಹುದಾ? ಎಲ್ಲರೂ ಬೇಡ ಅಂತಾರೆ."

ಮಾರುವವನಾಗಿದ್ದರೆ ಹಾಡಿ ಹೊಗಳುತ್ತಿದ್ದ. ಇವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ.

"ಗಾಡಿ ತುಂಬಾ ನಡುಗುತ್ತೆ ಮೇಡಂ. ನಟ್ಟುಗಳು ಸಡಿಲ ಆಗ್ತಾವೆ. ನಾಳೆ ಮಾರೋಕೆ ಹೋದ್ರೆ ಯಾರೂ ಮೂಸಿ ನೋಡಲ್ಲ."

"ಮತ್ತೆ?"

"ಮತ್ತೆ... ಹಗುರ. ತಗ್ಗು. ನಿಮ್ಮ ಎರಡೂ ಕಾಲು ನೆಲಕ್ಕೆ ಸಿಗುತ್ತೆ. ಮೊದಲನೇ ಗಾಡಿ ಬೀಳೋಕೇ ಇರೋದು. ದುಬಾರಿ ಗಾಡಿ ಬೀಳಿಸಿದ್ರೆ ಜನ ಹೆದರಿ ಮನೆಯಲ್ಲಿ ನಿಲ್ಲಿಸಿಬಿಡ್ತಾರೆ. ಇದನ್ನ ಬೀಳಿಸಿದ್ರೆ ಎದ್ದು ಮತ್ತೆ ಹತ್ತುತ್ತಾರೆ. ನೋಡ್ಕೊಳ್ಳೋರು ಇದ್ರೆ ಒಳ್ಳೇ ಗಾಡಿ. ಇಲ್ದಿದ್ರೆ ಬೇಡ."

"ಯಾರು ನೋಡ್ಕೊಳ್ತಾರೆ?"

"ನಾನು ನೋಡ್ಕೊಳ್ತೀನಿ," ಎಂದುಬಿಟ್ಟ. ಹೇಳಿದ ಮೇಲೆ ಅವನ ಕಿವಿ ಕೆಂಪಾಯಿತು. "ಅಂದ್ರೆ... ಗಾಡಿನ."

ಅಂದಿನಿಂದ ಸಂಜೆ ಕೆಲಸ ಮುಗಿಸಿ ಅವಳು ಅಂಗಳಕ್ಕೆ ಬರತೊಡಗಿದಳು. ಕಲಿಯುವವರಿಗೆಂದೇ ಇಟ್ಟಿದ್ದ ಹಳೇ ಗಾಡಿಯ ಮೇಲೆ ಅವನು ಕಲಿಸಿದ. ಪಕ್ಕದಲ್ಲೇ ಓಡುತ್ತಿದ್ದ, ಸೀಟು ಹಿಡಿಯುತ್ತಿರಲಿಲ್ಲ.

"ಹಿಡ್ಕೊಳ್ರೀ ಸ್ವಲ್ಪ!"

"ಹಿಡಿದ್ರೆ ನೀವು ನನ್ನನ್ನ ಓಡಿಸ್ತೀರ, ಗಾಡಿನಲ್ಲ."

"ಬಿದ್ರೆ?"

"ಬಿದ್ರೆ ಹೋದ ಸಲದ ಹಾಗೆ. ಮೊದಲು ಇಂಜಿನ್, ಆಮೇಲೆ ನೀವು!"

ಅವಳು ನಕ್ಕಳು. ನಗುತ್ತಲೇ ಗೇರ್ ಬದಲಿಸಿದ್ದು ತಪ್ಪಾಗಲಿಲ್ಲ! ಅಂಗಳದ ಒಂದು ಸುತ್ತು, ಇನ್ನೊಂದು ಸುತ್ತು... ಗಾಳಿಗೆ ಹಣೆಯ ಬೆವರು ತಣ್ಣಗಾಯಿತು. ತಿರುಗಿ ನೋಡಿದರೆ ಅವನು ದೂರದಲ್ಲಿ ನಿಂತು, ಎರಡೂ ಕೈ ತಲೆಯ ಮೇಲಿಟ್ಟುಕೊಂಡು, ಲಾಟರಿ ಹೊಡೆದವನ ಹಾಗೆ ನಗುತ್ತಿದ್ದ.

*ಈ ಮನುಷ್ಯನ ಮುಂದೆ ಎಷ್ಟು ಸಲ ಬಿದ್ದರೂ ನಾಚಿಕೆಯೇ ಆಗುವುದಿಲ್ಲವಲ್ಲ...* ಎಂದು ಅವಳಿಗೆ ಅನ್ನಿಸಿತು. ಪ್ರೀತಿ ಕೆಲವರಿಗೆ ಹೀಗೂ ತಿಳಿಯುತ್ತದೆ.

ಮನೆಯಲ್ಲಿ ಮಾತ್ರ ಯುದ್ಧ. ಅಣ್ಣ ಬಸ್ ಡ್ರೈವರ್. ಅವನ ಕಣ್ಣಿಗೆ ಬಸ್ಸಿಗಿಂತ ಸಣ್ಣದೆಲ್ಲ ಆಟದ ಸಾಮಾನು.

"ಹೆಸರಿಲ್ಲ, ಊರಿಲ್ಲ, ಅಂಥ ಗಾಡಿ ತಗೋತೀಯಾ? ಇನ್ನೊಂದು ವರ್ಷ ತಡಿ ಪುಟ್ಟಿ, ಒಳ್ಳೇ ಕಂಪನೀದು ತಗೊಳ್ಳೋಣ."

"ಹೋದ ವರ್ಷನೂ ಇದನ್ನೇ ಹೇಳಿದ್ದೆ."

ಅಮ್ಮ ಇಸ್ತ್ರಿ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುವವಳು. ಕಾಲು ನೀವಿಕೊಳ್ಳುತ್ತಾ ಮಧ್ಯೆ ಬಾಯಿ ಹಾಕಿದಳು. "ತಗೊಳ್ಳಲಿ ಬಿಡೋ. ನನ್ನನ್ನೂ ಅಂಗಡಿವರೆಗೆ ಬಿಡ್ತಾಳೆ. ಅಲ್ವೇನೇ?"

"ಮೊದಲನೇ ಸವಾರಿ ನಿಂದೇ ಅಮ್ಮ!"

ಗಾಡಿ ಕೈಗೆ ಬಂದ ದಿನ ಅಣ್ಣನೂ ಜೊತೆಗೆ ಬಂದಿದ್ದ. ಹೊಸ ಸೀಟಿನ ಮೇಲಿನ ಪ್ಲಾಸ್ಟಿಕ್ ಬಿಚ್ಚುತ್ತಿದ್ದ ಅವಳ ಪಕ್ಕ ಫಿಟ್ಟರ್ ಬಂದು ನಿಂತ. ಗಂಟಲು ಸರಿಮಾಡಿಕೊಂಡ.

"ಹೊರಡೋ ಮುಂಚೆ ನಿಮಗೊಂದು ಮಾತು ಹೇಳ್ಬೇಕಿತ್ತು. ಮುಖ್ಯವಾದ್ದು."

*ಅಯ್ಯೋ ದೇವರೇ, ಇಲ್ಲೇ ಹೇಳ್ತಾನಾ? ಅಣ್ಣ ಅಲ್ಲೇ ನಿಂತಿದ್ದಾನಲ್ಲ!*

"ಈಗ ಬೇಡ!" ಎಂದಳು ಪಿಸುದನಿಯಲ್ಲಿ. "ಮೊದಲನೇ ಸರ್ವಿಸ್‌ಗೆ ಬರ್ತೀನಲ್ಲ, ಆಗ ಹೇಳಿ. ಕೇಳ್ತೀನಿ... ಖಂಡಿತ ಕೇಳ್ತೀನಿ."

"ಅಲ್ಲಿವರೆಗೆ ತಡೆಯೋ ಹಾಗಿಲ್ಲ ಮೇಡಂ, ಇದು..."

ಮುಖವೆಲ್ಲ ಕೆಂಡವಾದ ಅವಳು ಅಲ್ಲಿ ನಿಂತರೆ ತಾನೇ! ಗೇಟಿನ ಕಡೆಗೆ ಓಡಿಯೇಬಿಟ್ಟಳು. ಅವನು ಅಣ್ಣನ ಕಡೆ ತಿರುಗಿದ. "ಸರ್, ಈ ನಟ್ಟುಗಳ ವಿಷಯ ಒಂಚೂರು..."

"ಏನಪ್ಪಾ, ದಿನಾ ಬಸ್ ಓಡಿಸೋನಿಗೆ ಗಾಡಿ ಪಾಠ ಹೇಳ್ಕೊಡ್ತೀಯಾ?" ಅಣ್ಣ ಕಿಕ್ ಹೊಡೆದು, ಗೇಟಿನಲ್ಲಿ ಅವಳನ್ನು ಹತ್ತಿಸಿಕೊಂಡು ಹೊರಟೇಹೋದ.

ಹೊಸ ಗಾಡಿಯನ್ನು ಅವಳು ಮನೆಯ ಮುಂದೆ ನಿಲ್ಲಿಸಿ ತೊಳೆದಳು, ಒರೆಸಿದಳು. ಲ್ಯಾಬಿನಲ್ಲಿ ಕಲಿತ ಬುದ್ಧಿ, ಎಲ್ಲಿಯೂ ಒಂದು ಕಲೆ ಉಳಿಯಬಾರದು. ಹಾಗೆ ಒರೆಸುವಾಗ ಕಂಡಿತು. ಒಂದೊಂದು ನಟ್ಟಿನ ಮೇಲೂ ಹಳದಿ ಬಣ್ಣ ತಗುಲಿತ್ತು. ಸಣ್ಣ ಸಣ್ಣ ಗೆರೆ.

"ಛೆ! ಅಷ್ಟು ಅಚ್ಚುಕಟ್ಟಿನ ಮನುಷ್ಯ, ಬಣ್ಣ ತಾಗಿಸಿಬಿಟ್ಟಿದ್ದಾನಲ್ಲ," ಎಂದು ಮುದ್ದಿನಿಂದಲೇ ಬೈದುಕೊಂಡು, ಚೀಲದಿಂದ ಸ್ಪಿರಿಟ್ಟು ಹತ್ತಿ ತೆಗೆದಳು. ಸೂಜಿ ಚುಚ್ಚುವ ಮೊದಲು ರೋಗಿಯ ತೋಳು ಒರೆಸುವ ಅದೇ ಹತ್ತಿ. ಕೂತು, ಬಗ್ಗಿ, ಗಾಡಿಯ ಅಡಿಗೆ ತಲೆ ತೂರಿಸಿ ಒಂದೂ ಬಿಡದೆ ಉಜ್ಜಿ ತೆಗೆದಳು.

ಗಾಡಿ ಫಳಫಳ ಹೊಳೆಯಿತು.

ಮೊದಲ ಕೆಲವು ದಿನ ಚಿನ್ನದಂಥ ದಿನಗಳು. ಬೆಳಿಗ್ಗೆ ಅಮ್ಮನನ್ನು ಇಸ್ತ್ರಿ ಅಂಗಡಿಗೆ ಬಿಟ್ಟು ಅಲ್ಲಿಂದ ಕೆಲಸಕ್ಕೆ. ಅಮ್ಮ ಹಿಂದೆ ಕೂತು ದಾರಿಯಲ್ಲಿ ಸಿಕ್ಕವರಿಗೆಲ್ಲ ಕೈ ಬೀಸುವುದೇ ಒಂದು ಸಂಭ್ರಮ.

ಆ ದಿನವೂ ಅಮ್ಮ ಹಾಗೇ ಕೈ ಬೀಸುತ್ತಿದ್ದಳು. ತಿರುವಿನಲ್ಲಿ ಒಂದು ಲಾರಿ ಕಂಡಿತು. ದೂರದಲ್ಲೇ ಇತ್ತು. ಅವಳು ಮೆಲ್ಲಗೆ ಬ್ರೇಕ್ ಒತ್ತಿದಳು, ಅಷ್ಟೇ.

ಕಟ್!

ಹಿಂದಿನ ಚಕ್ರ ಕಚ್ಚಿಕೊಂಡು ನಿಂತೇಬಿಟ್ಟಿತು. ಗಾಡಿ ಅಡ್ಡಡ್ಡ ಜಾರಿತು. ಮುಂದಿನದು ಅವಳಿಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಒಂದೇ, ಅಮ್ಮನ ಕೂಗು.

"ಅಮ್ಮಾ! ಅಮ್ಮಾ, ಮಾತಾಡು!"

"ಬದುಕಿದೀನಿ ಕಣೇ... ಕಾಲು... ಕಾಲು ಎತ್ತೋಕಾಗ್ತಿಲ್ಲ..."

ಪಾದದ ಗಂಟು ಮುರಿದಿತ್ತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ನಿಂತು ದುಡಿಯುವವಳು ಎಷ್ಟು ತಿಂಗಳು ನಿಲ್ಲಬಾರದೋ, ಮತ್ತೆ ಮೊದಲಿನ ಹಾಗೆ ನಿಂತಾಳೋ ಇಲ್ಲವೋ, ಡಾಕ್ಟರು ಬಾಯಿಬಿಟ್ಟು ಹೇಳಲಿಲ್ಲ. ಮಗಳ ಮೊಣಕೈಯ ಚರ್ಮ ಪೂರಾ ಸುಲಿದಿತ್ತು. ಅದು ಉರಿಯುತ್ತಿದೆ ಎಂಬುದೂ ಅವಳಿಗೆ ತಿಳಿಯಲಿಲ್ಲ.

ಅಣ್ಣ ಗಾಡಿಯನ್ನು ಟೆಂಪೋಗೆ ಹಾಕಿಸಿ ಸೀದಾ ಶೋರೂಮಿಗೆ ಒಯ್ದ. ಅವಳೂ ಹೋದಳು. ಅಣ್ಣ ಫೋನ್ ಹಿಡಿದು ವಿಡಿಯೋ ಮಾಡುತ್ತಲೇ ಒಳಗೆ ನುಗ್ಗಿದ.

"ನೋಡಿ ಜನಗಳೇ, ಇವರು ಮಾರೋ ಗಾಡಿ ನೋಡಿ! ನನ್ನ ತಾಯಿ ಕಾಲು ಮುರಿದಿದ್ದಾರೆ!"

ಫಿಟ್ಟರ್ ಗಾಡಿಯ ಪಕ್ಕ ಮಂಡಿಯೂರಿ ಕೂತ. ಹಿಂದಿನ ಬ್ರೇಕನ್ನು ಹಿಡಿದಿಡುವ ಕಂಬಿಯ ನಟ್ಟು ಕಳಚಿ ಬಿದ್ದು, ಕಂಬಿ ಚಕ್ರಕ್ಕೆ ಸಿಕ್ಕಿಕೊಂಡಿತ್ತು. ಅದನ್ನು ಕಂಡ. ಆಮೇಲೆ ಬೇರೆ ನಟ್ಟುಗಳ ಮೇಲೆ ಬೆರಳು ಆಡಿಸಿದ. ಒಂದು, ಮತ್ತೊಂದು... ಏನನ್ನೋ ಹುಡುಕುವವನ ಹಾಗೆ ಮತ್ತೆ ಮತ್ತೆ ನೋಡಿದ. ಅವನ ಮುಖದ ಬಣ್ಣವೇ ಇಳಿದುಹೋಯಿತು.

ತಲೆ ಎತ್ತಿ ಅವಳನ್ನೇ ನೋಡಿ ಹೇಳಿದ. "ತಪ್ಪು ನನ್ನದೇ. ಗಾಡಿದಲ್ಲ. ನನ್ನದು."

"ನಿಮಗೆ ಗೊತ್ತಿತ್ತಾ?" ಅವಳ ದನಿ ಬಿರಿಯಿತು. "ಹೀಗಾಗುತ್ತೆ ಅಂತ ಗೊತ್ತಿದ್ದೂ ಕೊಟ್ರಾ?"

ಅವನು ಎದ್ದು ನಿಂತ.

"ನೋಡ್ಕೊಳ್ತೀನಿ ಅಂದಿದ್ರಲ್ಲ... ನಿಮ್ಮ ಮಾತು ನಂಬಿ ಅಮ್ಮನ್ನ ಹಿಂದೆ ಕೂರಿಸ್ಕೊಂಡೆ ನಾನು!"

"ಏನ್ ಹೇಳಿದ್ರೂ ಕಡಿಮೆನೇ. ಇನ್ಮೇಲೆ ನಾನು ಸ್ಪ್ಯಾನರ್ ಮುಟ್ಟಲ್ಲ."

ಅಷ್ಟು ಹೇಳಿ ಹೊರಗೆ ನಡೆದವನು ಮತ್ತೆ ಶೋರೂಮಿಗೆ ಬರಲಿಲ್ಲ. ಅಣ್ಣನ ವಿಡಿಯೋ ಮಾತ್ರ ಊರೆಲ್ಲ ಓಡಾಡಿತು. ಮಂಡಿಯೂರಿ ಕೂತು "ತಪ್ಪು ನನ್ನದೇ" ಎನ್ನುವ ಅವನ ಮುಖವನ್ನು ನೋಡದವರಿಲ್ಲ. ಯಾವ ಗ್ಯಾರೇಜಿನವರೂ ಇನ್ನು ಅವನನ್ನು ಸೇರಿಸಿಕೊಳ್ಳುವುದಿಲ್ಲವಂತೆ. ಹಾಸಿಗೆ, ಕುರ್ಚಿ ಮಾರುವ ಅಂಗಡಿಯಲ್ಲಿ ಸಾಮಾನು ಹೊರುತ್ತಾನಂತೆ. ಇವೆಲ್ಲ ಅಣ್ಣ ತಂದ ಸುದ್ದಿ.

"ಹಾಗೇ ಆಗ್ಬೇಕು ಅವನಿಗೆ," ಎನ್ನುತ್ತಿದ್ದ ಅಣ್ಣ.

ಅವಳು ತುತ್ತು ಬಾಯಿಗಿಡುವುದನ್ನು ಬಿಟ್ಟು ಎದ್ದು ಹೋಗುತ್ತಿದ್ದಳು.

ದ್ವೇಷಿಸಬೇಕೆಂದು ಎಷ್ಟು ಪ್ರಯತ್ನಪಟ್ಟಳೋ! ಅಮ್ಮ ಗೋಡೆ ಹಿಡಿದು ಒಂಟಿಕಾಲಲ್ಲಿ ಕುಂಟುವುದನ್ನು ನೋಡಿದಾಗ ದ್ವೇಷ ಬರುತ್ತಿತ್ತು. ಆದರೆ ಬಸ್ಸಿನ ಕಿಟಕಿಯಿಂದ ಆ ಅಂಗಳದ ಗೇಟು ಕಂಡರೆ ಸಾಕು, ಕಣ್ಣು ಉರಿಯುತ್ತಿತ್ತು. ಅಂಥ ಮನುಷ್ಯ ಹೀಗೆ ಮಾಡಲು ಹೇಗೆ ಸಾಧ್ಯ? ಕಲಿಸುವಾಗ ಅವಳ ಹೆಲ್ಮೆಟ್ಟಿನ ಪಟ್ಟಿಯನ್ನೂ ಎಳೆದು ಎಳೆದು ನೋಡುತ್ತಿದ್ದವನು...

ರಿಪೇರಿಯಾಗಿ ಬಂದ ಗಾಡಿ ಮನೆಯ ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಅವಳು ಮತ್ತೆ ಬಸ್ಸಿನವಳಾದಳು.

ಹೀಗಿರುವಾಗ ಒಂದು ಬೆಳಿಗ್ಗೆ ಹೊಸದೊಂದು ಮನೆಗೆ ಹೋದಳು. ಅಲ್ಲೊಬ್ಬರು ಟೈಲರ್ ಅಕ್ಕ, ಅವರ ಮಾವನಿಗೆ ಸಕ್ಕರೆ ಕಾಯಿಲೆ. ರಕ್ತ ತೆಗೆದುಕೊಂಡು ಹೊರಬಂದರೆ ಬಾಗಿಲಲ್ಲೇ ಅದೇ ಗಾಡಿ! ಅದೇ ಬಣ್ಣ. ನಟ್ಟುಗಳ ಮೇಲೆ ಅದೇ ಹಳದಿ ಕಲೆ.

"ನಿಮಗೂ ಹೀಗೇ ಬಣ್ಣ ತಾಗಿಸಿ ಕೊಟ್ಟಿದ್ದಾರಾ ಅಕ್ಕಾ? ಸ್ಪಿರಿಟ್ಟಲ್ಲಿ ಒರೆಸಿದ್ರೆ ಹೋಗುತ್ತೆ," ಎನ್ನುತ್ತಾ ಅವಳ ಕೈ ತಾನೇ ಚೀಲಕ್ಕೆ ಹೋಗಿತ್ತು.

"ಅಯ್ಯೋ, ಮುಟ್ಬೇಡ ಮಾರಾಯ್ತಿ!" ಟೈಲರ್ ಅಕ್ಕ ಓಡಿ ಬಂದು ಕೈ ಹಿಡಿದರು. "ಅದು ಕಲೆ ಅಲ್ಲ. ಆ ಫಿಟ್ಟರ್ ಹಾಕಿರೋ ಗೆರೆ. ನೋಡಿಲ್ಲಿ, ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದ ಮೇಲಕ್ಕೆ ಒಂದೇ ಗೆರೆ. ನಟ್ಟು ಒಂಚೂರು ತಿರುಗಿದ್ರೂ ಗೆರೆ ಎರಡು ತುಂಡಾಗುತ್ತೆ. ಬಿಗಿ ಮಾಡಿದ ಮೇಲೆ ಗೆರೆ ಹಾಕ್ತಾನಂತೆ. ನಾನು ಬೆಳಿಗ್ಗೆ ಎದ್ದು ಗೆರೆ ನೋಡ್ದೆ ಗಾಡಿ ತೆಗೆಯಲ್ಲ. ಮೊನ್ನೆ ಒಂದು ತುಂಡಾಗಿತ್ತು, ಹೋಗಿ ಬಿಗಿ ಮಾಡಿಸ್ಕೊಂಡು ಬಂದೆ. ಗಾಡಿ ಅಗ್ಗದ್ದಾದ್ರೇನು, ನನ್ನಂಥೋಳಿಗೂ ಓಡ್ಸೋಕೆ ಧೈರ್ಯ ಬಂತು."

ಅವಳಿಗೆ ಮುಂದಿನ ಮಾತು ಕೇಳಿಸಲಿಲ್ಲ.

*ಒರೆಸಿದ್ದು ನಾನು... ಒಂದೂ ಬಿಡದೆ ಒರೆಸಿದ್ದು ನಾನು...*

ಅವನು ಮಂಡಿಯೂರಿ ನಟ್ಟುಗಳ ಮೇಲೆ ಬೆರಳು ಆಡಿಸಿದ್ದು ಕಣ್ಣ ಮುಂದೆ ಬಂತು. ಗೆರೆಗಳನ್ನು ಹುಡುಕುತ್ತಿದ್ದ. ಒಂದೂ ಸಿಗಲಿಲ್ಲ. ಗೆರೆ ಇಲ್ಲವೆಂದರೆ ತಾನು ಬಿಗಿಯೇ ಮಾಡಿಲ್ಲ ಎಂದುಕೊಂಡುಬಿಟ್ಟ!

ಗೋಡೆಗೆ ಒರಗಿ ಅಲ್ಲೇ ಕುಸಿದಳು. ರಕ್ತ ಕೊಟ್ಟವರಿಗೆ ತಲೆಸುತ್ತು ಬರುವುದುಂಟು, ತೆಗೆದವಳಿಗೆ ಬಂದಿದ್ದನ್ನು ನೋಡಿ ಟೈಲರ್ ಅಕ್ಕ ಗಾಬರಿಯಾಗಿ ನೀರು ತಂದರು.

ಯಾರಿಗೂ ಹೇಳದೆ ಇದ್ದುಬಿಡಬಹುದಿತ್ತು. ಗೊತ್ತಿರುವುದು ಅವಳೊಬ್ಬಳಿಗೆ. ಹೇಳಿದರೆ ಅಮ್ಮನ ಕಾಲು ಮುರಿದವಳು ಮಗಳೇ ಎಂದಾಗುತ್ತದೆ. ಆ ಮುಖವನ್ನು ಹೇಗೆ ಎದುರಿಸುವುದು? ಲ್ಯಾಬಿಗೆ ಹೋಗುವ ದಾರಿಯುದ್ದಕ್ಕೂ ಆ ಆಸೆ ಅವಳ ಜೊತೆಗೇ ನಡೆಯಿತು. ಮನೆಗೆ ಬಂದು ಅಮ್ಮನನ್ನು ನೋಡಿದೊಡನೆ ತಡೆಯಲಾಗಲಿಲ್ಲ. ಪ್ಲಾಸ್ಟರಿನ ಕಾಲನ್ನು ತಬ್ಬಿ ಬಿಕ್ಕಳಿಸಿ ಅತ್ತುಬಿಟ್ಟಳು. ಎಲ್ಲ ಹೇಳಿದಳು.

ಅಮ್ಮ ತನ್ನ ಕಾಲಿನಿಂದ ಅವಳ ಕೈ ಬಿಡಿಸಿದಳು.

"ಕೋಪ ಬಂದಿದೆ ನಂಗೆ," ಎಂದಳು. "ಇಲ್ಲ ಅಂತ ಸುಳ್ಳು ಹೇಳಲ್ಲ. ಕೇಳ್ದೆ ಹೇಳ್ದೆ ಎಲ್ಲಾನೂ ಒರೆಸೋ ಬುದ್ಧಿ ನಿಂದು, ಚಿಕ್ಕಂದಿನಿಂದ."

"ಬೈಯಮ್ಮ. ಇನ್ನೂ ಬೈ."

"ಬೈತೀನಿ, ಅದಕ್ಕೇನು ಅವಸರ? ನಾನೆಲ್ಲೂ ಓಡಿಹೋಗಲ್ಲ, ಕಾಲೆಲ್ಲಿದೆ?" ಅಮ್ಮನ ದನಿ ನಡುಗಿತು. "ಆ ಹುಡುಗನ್ನ ನೆನೆಸ್ಕೋ. ನನ್ನ ಮೂಳೆ ಹೇಗೋ ಕೂಡುತ್ತೆ. ಮಾಡದ ತಪ್ಪು ತಲೆ ಮೇಲೆ ಹೊತ್ಕೊಂಡು ಅವನು ಹೇಗೆ ನಿದ್ದೆ ಮಾಡ್ತಿದ್ದಾನೋ... ಹೋಗು ಮೊದಲು. ಹೇಳು."

ಬಾಗಿಲಲ್ಲಿ ನಿಂತಿದ್ದ ಅಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ನಂಗೂ ಹೇಳೋಕೆ ಬಂದಿದ್ದ ಪುಟ್ಟಿ," ಎಂದ ತಲೆ ತಗ್ಗಿಸಿ. "ನಾನೇ ಜಂಬ ಮಾಡಿ ಬಂದ್ಬಿಟ್ಟೆ." ಅಲ್ಲೇ ನಿಂತು ಆ ವಿಡಿಯೋ ಅಳಿಸಿದ.

ಅಳಿಸಿದರೆ ಸಾಲದು ಎಂದು ಅವಳಿಗೆ ಗೊತ್ತಿತ್ತು. ಗಾಡಿಯ ಹೊದಿಕೆ ತೆಗೆದು, ಪಕ್ಕದಲ್ಲಿ ಕೂತು, ತನ್ನದೇ ವಿಡಿಯೋ ಮಾಡಿ ಹಾಕಿದಳು.

"ಅಗ್ಗದ ಗಾಡಿ ಹೊಸಬರು ತಗೋಬಹುದಾ ಅಂತ ತುಂಬಾ ಜನ ಕೇಳ್ತಾರೆ. ತಗೊಳ್ಳಿ. ಆದ್ರೆ ಜೋಡಿಸಿಕೊಟ್ಟವರು ಹೇಳೋದನ್ನ ನಿಂತು ಕೇಳಿ. ನಾನು ನಿಂತು ಕೇಳಲಿಲ್ಲ. ಫಿಟ್ಟರ್ ಹಾಕಿದ್ದ ಗುರುತುಗಳನ್ನ ನಾನೇ ಒರೆಸಿಹಾಕಿದೆ. ಬೈಯೋದಿದ್ರೆ ನನ್ನನ್ನ ಬೈಯಿರಿ."

ಬೈದರು! ಹೊಟ್ಟೆ ತುಂಬಾ ಬೈದರು.

ಮರುದಿನ ಮಧ್ಯಾಹ್ನ ಅವಳು ಹಾಸಿಗೆ ಅಂಗಡಿಯ ಗೋದಾಮಿನ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಅವನೊಬ್ಬನೇ ಇದ್ದ. ಒಂದು ದಪ್ಪ ಹಾಸಿಗೆಯನ್ನು ಬೆನ್ನ ಮೇಲಿಂದ ಇಳಿಸಿ ತಿರುಗಿದವನು ಅವಳನ್ನು ಕಂಡು ಹಾಗೇ ನಿಂತ. ಎಷ್ಟು ಸೊರಗಿಹೋಗಿದ್ದಾನೆ! ಗಡ್ಡ ಬೆಳೆದಿತ್ತು. ಕಣ್ಣ ಕೆಳಗೆ ಕಪ್ಪಾಗಿತ್ತು.

"ಅಮ್ಮ ಹೇಗಿದ್ದಾರೆ?" ಮೊದಲು ಕೇಳಿದ್ದೇ ಅದು.

"ಕೋಲು ಹಿಡಿದು ಓಡಾಡ್ತಿದ್ದಾರೆ. ಮುಂದಿನ ವಾರ ಪ್ಲಾಸ್ಟರ್ ಬಿಚ್ತಾರೆ... ನೀವು ಫೋನಲ್ಲಿ ಏನೂ ನೋಡಲಿಲ್ವಾ?"

"ಆ ವಿಡಿಯೋ ಬಂದ ಮೇಲೆ ಫೋನ್ ನೋಡೋದೇ ಬಿಟ್ಟಿದೀನಿ."

ಅವಳು ಬಾಗಿಲು ದಾಟಿ ಒಳಗೆ ಬಂದಳು.

"ನೀವು ಗೆರೆ ಹಾಕಿದ್ರಿ."

ಅವನಿಗೆ ಅರ್ಥವಾಗಲಿಲ್ಲ.

"ನನ್ನ ಗಾಡಿಗೆ. ಎಲ್ಲಾ ನಟ್ಟಿಗೂ ಹಾಕಿದ್ರಿ. ನಾನು ಅದು ಕೊಳೆ ಅಂದ್ಕೊಂಡು ಸ್ಪಿರಿಟ್ಟಲ್ಲಿ ಒರೆಸಿಬಿಟ್ಟೆ. ನಟ್ಟು ಸಡಿಲ ಆದಾಗ ತೋರಿಸೋಕೆ ಗೆರೆನೇ ಇರಲಿಲ್ಲ. ತಪ್ಪು ನಿಮ್ಮದಲ್ಲ... ನಂದು."

ಅವನು ಹಾಸಿಗೆಗಳ ಮೇಲೆ ಕುಸಿದು ಕೂತ. ತನ್ನ ಎರಡೂ ಅಂಗೈ ನೋಡಿಕೊಂಡ.

"ಹಾಕಿದ್ದೆನಾ?" ಎಂದ, ಮಗುವಿನ ದನಿಯಲ್ಲಿ. "ನಿಜವಾಗ್ಲೂ ಹಾಕಿದ್ದೆನಾ?"

"ಹಾಕಿದ್ರಿ. ನಾನು ಕಣ್ಣಾರೆ ನೋಡಿದೀನಿ."

ಆಮೇಲೆ ಬಂದದ್ದು ಸಮಾಧಾನವಲ್ಲ, ಸಿಟ್ಟು! ಎದ್ದು ನಿಂತ. "ಎಷ್ಟು ದಿನದಿಂದ ನೆನಪು ಮಾಡ್ಕೊಳ್ತಿದೀನಿ ಗೊತ್ತಾ? ಬಿಗಿ ಮಾಡಿದೆ ಅನ್ಸುತ್ತೆ. ದಿನಾ ಮಾಡೋ ಕೆಲಸ, ಯಾವ ಗಾಡಿಗೆ ಮಾಡಿದ್ದು ಅಂತ ಹೇಗೆ ಹೇಳಲಿ? ನನ್ನ ಕೈನೇ ನಾನು ನಂಬ್ತಿರಲಿಲ್ಲ. ಇಲ್ಲಿ ಕುರ್ಚಿ ಜೋಡಿಸೋಕೆ ಕೊಟ್ರೂ ಬೇಡ ಅಂತೀನಿ. ಹಾಸಿಗೆ ಮಾತ್ರ ಹೊರ್ತೀನಿ. ಅದು ಬಿದ್ರೆ ಯಾರ ಕಾಲೂ ಮುರಿಯಲ್ಲ!"

ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಕಣ್ಣೀರು ಟಪಟಪ ಬೀಳುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಒಂದು ಮಾತು ಎದುರು ಹೇಳಬಹುದಿತ್ತಲ್ಲ ನೀವು ಆ ದಿನ," ಎಂದಳು. "ಅಷ್ಟು ಬೇಗ ಒಪ್ಕೊಂಡ್ಬಿಟ್ರಲ್ಲ..."

ಅವನ ಸಿಟ್ಟು ಬಂದ ಹಾಗೇ ಇಳಿಯಿತು.

"ಒಪ್ಕೊಳ್ಳೋಕೆ ಕಾರಣ ಇತ್ತು. ನಿಮ್ಮ ಗಾಡಿ ಜೋಡಿಸಿದ್ದು ನೀವು ಅಂಗಳದಲ್ಲಿ ಸುತ್ತು ಹೊಡೀತಿದ್ದಾಗ. ನನ್ನ ಕಣ್ಣು ಗಾಡಿ ಮೇಲೆ ಇರಲೇ ಇಲ್ಲ. ಗೆರೆ ಕಾಣದೇ ಇದ್ದಾಗ ಅಂದ್ಕೊಂಡೆ... ಇವಳನ್ನ ನೋಡ್ತಾ ನೋಡ್ತಾ ಇವಳ ಗಾಡಿನೇ ಮರೆತೆ ಅಂತ. ಪ್ರೀತಿ ಮಾಡಿ ಪ್ರಾಣ ತೆಗೀತಿದ್ದೆ ಅಂತ. ಇನ್ನು ನಿಮ್ಮ ಮುಂದೆ ಯಾವ ಮುಖ ಹೊತ್ಕೊಂಡು ಬರಲಿ?"

ಅವಳು ಮುಖ ಎತ್ತಿದಳು. "ಏನಂದ್ರಿ?"

"ಕೇಳಿಸ್ತಲ್ಲ."

"ಕೇಳಿಸ್ತು..." ಅಳುವೂ ನಗುವೂ ಒಟ್ಟಿಗೇ ಬಂದವು. "ನಂಗೂ ಅಷ್ಟೇ. ನೀವು ಸುಳ್ಳುಗಾರ ಅಂತ ದಿನಾ ಹೇಳ್ಕೊಂಡ್ರೂ ಮನಸ್ಸು ಒಪ್ಪಲೇ ಇಲ್ಲ. ನೀವಿಲ್ದೆ ಎಷ್ಟು ಕಷ್ಟ ಆಯ್ತು ಗೊತ್ತಾ?"

ಗೋದಾಮಿನಲ್ಲಿ ಯಾರೂ ಇರಲಿಲ್ಲ. ಅವನು ಒಂದು ಹೆಜ್ಜೆ ಮುಂದೆ ಬಂದ, ಅವಳು ಇನ್ನೊಂದು ಹೆಜ್ಜೆ. ಅವನ ಅಂಗಿಯ ಭುಜ ಅವಳ ಕಣ್ಣೀರಿಗೆ ಒದ್ದೆಯಾಯಿತು. ಅವನ ಕೈ ಅವಳ ತಲೆಯ ಮೇಲೆ ಬಂತು.

"ಅಮ್ಮ ನಿಮ್ಮನ್ನ ಕರ್ಕೊಂಡು ಬಾ ಅಂದಿದಾರೆ," ಎಂದಳು ಸ್ವಲ್ಪ ಹೊತ್ತಿನ ಮೇಲೆ.

"ಬೈಯೋಕಾ?"

"ಬೈಯೋದು ನನ್ನನ್ನ. ನಿಮಗೆ ಊಟ."

ಅವನು ನಕ್ಕ. ನಗು ಮುಗಿಯುವ ಮೊದಲೇ ಅವನ ಕಣ್ಣು ಗೋಡೆಯ ಪಕ್ಕ ಬಿಚ್ಚಿಟ್ಟಿದ್ದ ಒಂದು ಪೆಟ್ಟಿಗೆಯ ಮೇಲೆ ಬಿತ್ತು. ಒಳಗೆ ಒಂದು ಕುರ್ಚಿಯ ಕಾಲು, ಬೆನ್ನು, ಸೀಟು, ಒಂದು ಪೊಟ್ಟಣ ನಟ್ಟು ಬೋಲ್ಟು, ಒಂದು ಸ್ಪ್ಯಾನರ್. ಬೇರೆಯವರು ಬಂದು ಜೋಡಿಸಲಿ ಎಂದು ಬೆಳಿಗ್ಗೆಯಿಂದ ಮುಟ್ಟದೆ ಬಿಟ್ಟಿದ್ದ.

ಅವನು ಹೋಗಿ ಅದರ ಮುಂದೆ ಕೂತ. ಸ್ಪ್ಯಾನರ್ ಎತ್ತಿಕೊಂಡ. ಒಂದು ಕ್ಷಣ ಹಾಗೇ ಹಿಡಿದಿದ್ದ. ಮೊದಲ ಬೋಲ್ಟು ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಹುಡುಕಿ ತೆಗೆದು ಮತ್ತೆ ಹಾಕಿದ. ಎರಡನೆಯದು ಜಾರಲಿಲ್ಲ. ಕೊನೆಯದನ್ನು ಬಿಗಿ ಮಾಡುವಾಗ ಅವನ ಕೈ ಮೊದಲಿನ ಕೈಯಾಗಿತ್ತು.

ಕುರ್ಚಿಯನ್ನು ನಿಲ್ಲಿಸಿ, ಬೆವರು ಒರೆಸಿಕೊಂಡ. "ಕೂತ್ಕೊಳ್ಳಿ. ಮೊದಲು ಸ್ವಲ್ಪ ಅಲ್ಲಾಡಿಸಿ ನೋಡ್ಕೊಳ್ಳಿ..."

ಅವಳು ನೋಡಲಿಲ್ಲ. ಹೋಗಿ ಪೂರಾ ಭಾರ ಬಿಟ್ಟು ಕೂತಳು. ಎರಡೂ ಕಾಲು ನೆಲದಿಂದ ಎತ್ತಿ ಕುರ್ಚಿಯ ಮೇಲೆ ಮಡಚಿಕೊಂಡಳು.

"ನೋಡಲೇ ಇಲ್ವಲ್ಲ ನೀವು!"

"ನೋಡೋದೇನು? ಜೋಡಿಸಿದ್ದು ನೀವು ತಾನೇ."

ಅವನ ಕಣ್ಣು ತುಂಬಿ ಬಂತು. ಅದನ್ನು ಮರೆಮಾಡಲು ಆ ಕಡೆ ಈ ಕಡೆ ನೋಡಿ ಕೇಳಿದ. "ನೀವು ಕೂತ್ರಿ. ನಾನೆಲ್ಲಿ ಕೂತ್ಕೊಳ್ಳಲಿ?"

"ಇನ್ನೊಂದು ಜೋಡಿಸಿ," ಎಂದಳು ಅವಳು. "ನಾನು ಕಾಯ್ತೀನಿ."